ಜಗಳ ನರಗುಂದದ್ದು, ರಾಜಿ ಗಜೇಂದ್ರಗಡದ್ದು

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಹುಟ್ಟಿದ ತಾರೀಖನ್ನು ಖರೆ ಹೇಳುವ ಪದ್ಧತಿ ಮೊದಲಿನಿಂದಲೂ ಕಡಿಮೆ. ಅರವತ್ತು ದಾಟಿದ ಕಾಕಾನ ಆಧಾರ್ ಕಾರ್ಡ್ ತೆಗೆದು ನೋಡಿ: ಜೂನ್ 1. ಬಾಜೂ ಮನೆಯ ಮಾಮಾನದು? ಅದೂ ಜೂನ್ 1. ಊರಿನ ಹಿರಿಯರೆಲ್ಲ ಒಂದೇ ದಿನ ಹುಟ್ಟಿದರೆ ಆವತ್ತು ಸೂಲಗಿತ್ತಿಯ ಗತಿ ಏನಾಗಿರಬೇಕು ಎಂದು ಯಾರೂ ಕೇಳಲಿಲ್ಲ. ಶಾಲೆಗೆ ಹೆಸರು ಹಚ್ಚಲು ಹೋದ ಅಪ್ಪ "ಮಳಿ ಭಾಳ ಆದ ವರ್ಷ ಹುಟ್ಟ್ಯಾನ್ರಿ" ಅಂದ. ಮಾಸ್ತರರು ಶಾಲೆ ಶುರುವಾಗುವ ತಿಂಗಳಿನ ಮೊದಲ ತಾರೀಖು ಬರೆದರು. ಕೆಲಸ ಮುಗೀತು.

ಈಗ ಅದೇ ಕಾಕಾಗಳ ಮೊಮ್ಮಕ್ಕಳು ಜನವರಿ 1ಕ್ಕೆ ಹುಟ್ಟುತ್ತಿದ್ದಾರೆ. ಇನ್‌ಸ್ಟಾಗ್ರಾಮ್ ಖಾತೆ ತೆರೆಯಲು ಹದಿಮೂರು ತುಂಬಿರಬೇಕು. ಆರನೇತ್ತೆ ಹುಡುಗ ಇಸವಿಯ ಪಟ್ಟಿಯನ್ನು ಹೆಬ್ಬೆರಳಿನಿಂದ ಒಮ್ಮೆ ಜೋರಾಗಿ ತಿಕ್ಕುತ್ತಾನೆ. ಅದು ಉರುಳುತ್ತ ಹೋಗಿ 1995ಕ್ಕೆ ನಿಲ್ಲುತ್ತದೆ. ಅಲ್ಲಿಗೆ ಮೀಸೆ ಮೂಡದ ನಮ್ಮ ತಮ್ಮ ಮೂವತ್ತು ದಾಟಿದ ಗೃಹಸ್ಥ. ಅಜ್ಜ ಸುಳ್ಳು ಹೇಳಿದ್ದು ಸರ್ಕಾರಕ್ಕೆ. ಹೆಚ್ಚೆಂದರೆ ನಿವೃತ್ತಿ ನಾಲ್ಕು ತಿಂಗಳು ಆಚೀಚೆ ಆಯಿತು. ಮೊಮ್ಮಗ ಸುಳ್ಳು ಹೇಳಿದ್ದು ತನ್ನ ಕಾವಲುಗಾರನಿಗೇ.

ಹೇಗೆ ಅಂತೀರಾ? ಹದಿಹರೆಯದವರಿಗೆಂದೇ ಇನ್‌ಸ್ಟಾಗ್ರಾಮಿನವರು 2024ರ ಸೆಪ್ಟೆಂಬರಿನಲ್ಲಿ 'ಟೀನ್ ಅಕೌಂಟ್' ಎಂಬ ಏರ್ಪಾಡು ತಂದರು. 2025ರ ಫೆಬ್ರವರಿಯಲ್ಲಿ ಅದು ನಮ್ಮ ದೇಶಕ್ಕೂ ಬಂತು. ಖಾತೆ ತಾನಾಗಿಯೇ ಖಾಸಗಿ ಆಗಿರುತ್ತದೆ. ಗುರುತು ಪರಿಚಯ ಇಲ್ಲದವರು ನೇರ ಮೆಸೇಜ್ ಹಾಕಲಾರರು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರ ತನಕ ನೋಟಿಫಿಕೇಶನ್ನಿನ ಗದ್ದಲ ಇಲ್ಲ. ಹದಿನಾರರ ಒಳಗಿನವರು ಇದನ್ನು ಸಡಿಲ ಮಾಡಬೇಕೆಂದರೆ ಅಪ್ಪ-ಅವ್ವನ ಒಪ್ಪಿಗೆ ಬೇಕು. ಆದರೆ ಈ ಸವಲತ್ತೆಲ್ಲ ಹುಡುಗರಿಗೆ, 1995ರಲ್ಲಿ ಹುಟ್ಟಿದ ಗೃಹಸ್ಥರಿಗಲ್ಲ. ಗೃಹಸ್ಥರಿಗೆ ರಾತ್ರಿ ಹನ್ನೆರಡಕ್ಕೂ ಯಾರು ಬೇಕಾದರೂ ಬಾಗಿಲು ಬಡಿಯಬಹುದು.

ದಿಲ್ಲಿಯವರೂ ಸುಮ್ಮನೆ ಕೂತಿಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಡಿದರು. ಹದಿನೆಂಟು ತುಂಬದವರ ಮಾಹಿತಿ ಮುಟ್ಟಬೇಕಾದರೆ ಪಾಲಕರ ಒಪ್ಪಿಗೆ, ಅದೂ ಪರೀಕ್ಷಿಸಿ ನೋಡಬಹುದಾದ ಒಪ್ಪಿಗೆ ಬೇಕು ಅಂತ ಅದರಲ್ಲಿ ಬರೆದಿದ್ದಾರೆ. ಬರೆದವರಿಗೆ ನಮ್ಮ ಮನೆ ಗೊತ್ತಿಲ್ಲ. ಇಲ್ಲಿ ಅಪ್ಪನ ಫೋನಿಗೆ ಒಪ್ಪಿಗೆ ಕೇಳಿ ಏನಾದರೂ ಬಂದರೆ ಅಪ್ಪ ಫೋನನ್ನು ಮಗನ ಕೈಗೇ ಕೊಟ್ಟು ಹೇಳುತ್ತಾನೆ: "ಏನೋ ಬಂದೈತಿ ನೋಡಲೇ. ಒತ್ತಿ ಬಿಡು."

ಅಪ್ಪನನ್ನೂ ಬೈಯುವಂತಿಲ್ಲ ಬಿಡಿ. ಮನೆಯ ಫೋನಿನ ಸಮಸ್ತ ಕಾರಭಾರ ಹುಡುಗರದು. ಬೆಳೆ ಸಮೀಕ್ಷೆಗೆ ಹೊಲದ ಫೋಟೊ ಏರಿಸಲು ಮಗ ಬೇಕು. ಗೃಹಲಕ್ಷ್ಮಿ ರೊಕ್ಕ ಬಿತ್ತೋ ಇಲ್ಲೋ ನೋಡಲು ಮಗಳು ಬೇಕು. ಹೆಸರಿನ ರೇಟು, ಉಳ್ಳಾಗಡ್ಡಿ ರೇಟು, ನವಿಲುತೀರ್ಥದ ಡ್ಯಾಮಿನಲ್ಲಿ ನೀರು ಎಷ್ಟು, ಕರೆಂಟು ಎಷ್ಟೊತ್ತಿಗೆ, ಎಲ್ಲ ಇವರೇ ನೋಡಿ ಹೇಳಬೇಕು. ಹೇಳಿ ಮುಗಿಸಿದ ಮೇಲೆ ಪಗಾರದ ರೂಪದಲ್ಲಿ ಒಂದು ಬೈಗುಳ: "ಯಾವಾಗ ನೋಡಿದ್ರೂ ಮೊಬೈಲು! ಮೊಬೈಲಿನ್ಯಾಗ ಹುಟ್ಟಿಯೇನು?"

ಹುಡುಗರನ್ನು ಹೀಗೆ ಬೈಯುವ ಹಿರಿಯರ ಫೋನ್ ಒಮ್ಮೆ ನೋಡಬೇಕು. ವಾಟ್ಸಾಪಿಗೆ ಲಗ್ನಪತ್ರಿಕೆ ಬಂದಿದೆ. ಫೋಟೊ ಅಲ್ಲ, ಪಿಡಿಎಫ್ ಅಲ್ಲ, ಹೆಸರಿನ ಕೊನೆಗೆ ಎಪಿಕೆ ಅಂತಿದೆ. ಯಾರ ಲಗ್ನ? ಗೊತ್ತಿಲ್ಲ. ಆದರೆ ನಮ್ಮ ಕಾಕಾ ಕರೆಯದ ಲಗ್ನಕ್ಕೂ ಹೋಗಿ ಉಂಡು ಬರುವವರು, ಒತ್ತಿಯೇ ಬಿಟ್ಟರು. ಅದು ಪತ್ರಿಕೆ ಅಲ್ಲ, ಫೋನಿನೊಳಗೆ ಕೂತು ಒಟಿಪಿ ಮೆಸೇಜುಗಳನ್ನು ಓದಿ ಬೇರೆಯವರಿಗೆ ದಾಟಿಸುವ ಆ್ಯಪು. ಲಗ್ನಕ್ಕೆ ಹೋಗದೆಯೇ ಆಹೇರಿ ಮುಟ್ಟಿತು. ಪಿಎಂ ಕಿಸಾನ್ ಹೆಸರಿನಲ್ಲಿ, ಗಾಡಿಯ ದಂಡದ ಹೆಸರಿನಲ್ಲಿ ಬರುವುದೂ ಇದೇ ಸಾಮಾನು. ಹಾಗಾಗಿ ಈ ಹರಟೆಯಲ್ಲಿ ಹುಡುಗರಿಗೆ ಬುದ್ಧಿ ಹೇಳುವಾಗ ಹಿರಿಯರು ಹಿಂದಿನ ಸಾಲಿನಲ್ಲಿ ಕೂತು ತಲೆ ಆಡಿಸಬೇಕಾಗಿಲ್ಲ. ಮುಂದೆ ಬಂದು ಜಮಖಾನದ ಮೇಲೇ ಕೂತುಕೊಳ್ಳಿ.

ಮೊದಲು ಪಾಸ್‌ವರ್ಡ್. ಗಜೇಂದ್ರಗಡದಲ್ಲಿ ಕಾಲಕಾಲೇಶ್ವರನ ಹೆಸರು ಬರೆದು ಮುಂದೆ ಒಂದು ಎರಡು ಮೂರು ಹಾಕಿದರೆ ಎಷ್ಟು ಖಾತೆ ತೆರೆದಾವು ಎಂದು ಆ ಕಾಲಕಾಲೇಶ್ವರನಿಗೇ ಗೊತ್ತು. ಉಳಿದವು ತಮ್ಮ ಮೆಚ್ಚಿನ ಹೀರೋನ ಹೆಸರಿಗೆ ತೆರೆಯುತ್ತವೆ. ಇನ್ನೂ ಉಳಿದರೆ ಮೊಬೈಲ್ ನಂಬರೇ ಪಾಸ್‌ವರ್ಡ್. ಇದರ ಮೇಲೆ ಹೊಸ ರೂಢಿ ಒಂದು ಬಂದಿದೆ: ದೋಸ್ತಿ ಗಟ್ಟಿಯಾಯಿತೆಂದರೆ ಪಾಸ್‌ವರ್ಡ್ ಅದಲಿ ಬದಲಿ. "ನನ್ನ ಮ್ಯಾಲೆ ಭರೋಸಾ ಇಲ್ಲೇನು?" ಎಂದು ಕೇಳಿದರೆ ಮುಗೀತು, ಕೊಡಲೇಬೇಕು. ಎಂಟು ದಿನದಲ್ಲಿ ಜಗಳ ಆಗುತ್ತದೆ. ದೋಸ್ತಿ ಮುರಿಯುತ್ತದೆ, ಪಾಸ್‌ವರ್ಡ್ ಮಾತ್ರ ಅವನ ಹತ್ತಿರವೇ ಇರುತ್ತದೆ. ಆಮೇಲೆ ನಿನ್ನ ಖಾತೆಯಿಂದ ನಿನ್ನ ಇಂಗ್ಲಿಷ್ ಟೀಚರಿಗೆ ಯಾವ ಮೆಸೇಜ್ ಹೋಯಿತೋ, ಅದಕ್ಕೆ ನೀನೇ ಜವಾಬುದಾರ. ದೋಸ್ತಿಗೆ ಮಿರ್ಚಿ ಮಂಡಕ್ಕಿ ಕೊಡಿಸು, ಗಾಡಿ ಕೊಡು, ನೋಟ್ಸ್ ಕೊಡು. ಪಾಸ್‌ವರ್ಡ್ ಕೊಡಬೇಡ. ಎರಡು ಹಂತದ ಪರಿಶೀಲನೆ ಅಂತ ಸೆಟ್ಟಿಂಗಿನಲ್ಲಿ ಒಂದು ಗುಂಡಿ ಇರುತ್ತದೆ, ಅದನ್ನು ಹಚ್ಚು. ಪಾಸ್‌ವರ್ಡ್ ಕದ್ದವನಿಗೂ ಆಗ ಇನ್ನೊಂದು ಬಾಗಿಲು ಇದಿರಾಗುತ್ತದೆ.

ಇನ್ನು ಪ್ರೊಫೈಲ್. ಒಬ್ಬ 'ರೋಣದ ಹುಲಿ', ಇನ್ನೊಬ್ಬ 'ನರಗುಂದ ಡಾನ್'. ಹುಲಿಯ ಕೆಳಗೆ ಶಾಲೆಯ ಹೆಸರು, ಹತ್ತನೇತ್ತೆ, ಬಿ ಸೆಕ್ಷನ್, ಹುಟ್ಟಿದ ದಿನ, ಮಾಮಾನ ಊರು. ಫೋಟೊದಲ್ಲಿ ಯೂನಿಫಾರ್ಮ್, ಅದರ ಮೇಲೆ ಬ್ಯಾಡ್ಜು. ಬೆಳಿಗ್ಗೆ ಸ್ಟೋರಿ: "ಗದಗ ಬಸ್ಸಿನ್ಯಾಗ, ಕ್ಲಾಸಿಗೆ." ಸಂಜೆ ಸ್ಟೋರಿ: ನರಗುಂದದ ಗುಡ್ಡದ ಕೋಟೆ, ಇಲ್ಲವೇ ಗಜೇಂದ್ರಗಡದ ಗಾಳಿಯಂತ್ರದ ಗುಡ್ಡ, "ಒಬ್ಬನ ಇದ್ದೀನಿ, ಮೂಡು ಸರಿ ಇಲ್ಲ." ಅಲ್ಲಪ್ಪಾ ಹುಲಿ, ಎಷ್ಟೊತ್ತಿಗೆ ಎಲ್ಲಿರುತ್ತೀ, ಯಾವ ದಾರಿಯಲ್ಲಿ ಬರುತ್ತೀ, ಜೊತೆಗೆ ಯಾರೂ ಇಲ್ಲ ಅಂತ ಕಾಡಿನ ಹುಲಿ ಬೋರ್ಡು ಬರೆದು ಹಾಕುತ್ತದೇನು? ಗುಡ್ಡದ ಫೋಟೊ ಹಾಕಬೇಡ ಅಂದರೆ ನೀ ಕೇಳುವವನಲ್ಲ. ಗುಡ್ಡ ಇಳಿದು ಮನೆಗೆ ಬಂದು ರೊಟ್ಟಿ ತಿಂದು ಹಾಕು. ಗುಡ್ಡ ಎಲ್ಲಿಗೂ ಹೋಗುವುದಿಲ್ಲ, ಲೈಕೂ ಕಡಿಮೆ ಆಗುವುದಿಲ್ಲ.

ಇದರಲ್ಲಿ ಅಪ್ಪ-ಅವ್ವಂದಿರದೂ ಕೈ ಉಂಟು. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ಮಗಳ ಅಂಕಪಟ್ಟಿಯನ್ನು ಹಾಗೆಯೇ ಸ್ಟೇಟಸ್ಸಿಗೆ ಹಾಕುತ್ತಾರೆ. ರಿಜಿಸ್ಟರ್ ನಂಬರು, ಹುಟ್ಟಿದ ದಿನ, ಅವ್ವನ ಹೆಸರು, ಶಾಲೆಯ ಹೆಸರು, ಎಲ್ಲ ಸ್ವಚ್ಛವಾಗಿ ಕಾಣುತ್ತವೆ. ಅಂಕ ನೋಡಿದವರು ಅಭಿನಂದನೆ ಹೇಳಿದರು. ಉಳಿದದ್ದನ್ನು ನೋಡಿದವನು "ನಿಮ್ಮ ಮಗಳಿಗೆ ಸ್ಕಾಲರ್‌ಶಿಪ್ ಬಂದೈತ್ರಿ, ಅಕೌಂಟ್ ನಂಬರ್ ಹೇಳ್ರಿ" ಎಂದು ಮರುದಿನ ಫೋನ್ ಮಾಡಿದ. ಹೆಸರು, ನಂಬರು, ಶಾಲೆ, ಎಲ್ಲ ಕರಾರುವಾಕ್ಕಾಗಿ ಹೇಳಿದ ಮೇಲೆ ನಂಬದೆ ಇರುವುದು ಹೇಗೆ?

ಇಲ್ಲಿ ರೋಣದವರಿಗೆ ಅವರದೇ ಊರಿನ ಒಂದು ಕಥೆ ಹೇಳಬೇಕು. 1922ರಲ್ಲಿ ರೋಣದಲ್ಲಿ ಹುಟ್ಟಿದ ಒಬ್ಬ ಹುಡುಗನಿಗೆ ಹಾಡಿನ ಹುಚ್ಚು. ಭಜನಿ ಮೇಳ ಹೊರಟರೆ ಅದರ ಹಿಂದೆ, ಬ್ಯಾಂಡು ಹೊರಟರೆ ಬ್ಯಾಂಡಿನ ಹಿಂದೆ. ದಣಿವಾದಲ್ಲಿ ಮಲಗಿ ನಿದ್ದೆ. ಮನೆಯವರು ಹುಡುಕಿ ಹುಡುಕಿ ಪೊಲೀಸರ ತನಕ ಹೋಗಬೇಕಾಗುತ್ತಿತ್ತು. ಅಪ್ಪ ಗುರುರಾಜ ಜೋಶಿ ಮಾಸ್ತರರು. ಬೇಸತ್ತು ಒಂದು ಉಪಾಯ ಮಾಡಿದರು. ಹುಡುಗನ ಅಂಗಿಗಳ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದು ಬಿಟ್ಟರು. ಎಲ್ಲಿ ಮಲಗಿದರೂ ಓದಿದವರು ಎತ್ತಿಕೊಂಡು ಬಂದು ಮನೆಗೆ ಮುಟ್ಟಿಸಿದರು. ಹುಡುಗ ಭೀಮಸೇನ ಜೋಶಿ. ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಜಲಂಧರದವರೆಗೆ ಹೋದಾಗಲೂ ಅಪ್ಪ ಪತ್ತೆ ಹಚ್ಚಿ ಕರೆತಂದರು. ಮುಂದೆ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾಗಿ, 2008ರಲ್ಲಿ ಭಾರತರತ್ನವಾದದ್ದು ಎಲ್ಲರಿಗೂ ಗೊತ್ತು.

ಇವತ್ತಿನ ಹುಡುಗರ ಪ್ರೊಫೈಲಿನಲ್ಲಿ ಇರುವುದೂ ಅದೇ ಅಂಗಿಯ ಬರಹ: ಯಾರ ಮಗ, ಯಾವ ಊರು, ಯಾವ ಶಾಲೆ. ಬರಹದಲ್ಲಿ ದೋಷ ಇಲ್ಲ. ಓದುವವರು ಬೇರೆ. ಅಂದು ಓದಿದ್ದು ಕಿರಾಣಿ ಅಂಗಡಿಯವರು, ಟಾಂಗಾದವರು, ನೀರು ತರಲು ಹೊರಟ ಹೆಣ್ಣುಮಕ್ಕಳು. ಅವರಿಗೆ ಮನೆ ಗೊತ್ತಿತ್ತು, ಮಾಸ್ತರರು ಗೊತ್ತಿದ್ದರು, ಮಗುವನ್ನು ಮನೆಗೆ ಮುಟ್ಟಿಸದಿದ್ದರೆ ಸಂಜೆ ಊಟ ರುಚಿಸುತ್ತಿರಲಿಲ್ಲ. ಇಂದು ಓದುವವನಿಗೆ ಊರಿಲ್ಲ, ಮುಖವಿಲ್ಲ; ಹುಡುಗ ಮನೆಯಿಂದ ದೂರ ಇದ್ದಷ್ಟೂ ಅವನಿಗೆ ಲಾಭ.

ಅಂಥವನ ಮೊದಲ ಮೆಸೇಜ್ ಹೇಗಿರುತ್ತದೆ ಗೊತ್ತೇನು? ಡಿಪಿಯಲ್ಲಿ ಚೆಂದದ ಹುಡುಗಿ. ಹೆಸರಿನ ಹಿಂದೆ ಏಂಜೆಲ್. ಊರು ಗಜೇಂದ್ರಗಡ ಅಂತ ಬರೆದಿದೆ. ಮಾತು ಮಾತ್ರ ಹೀಗೆ: "ನಮಸ್ಕಾರ ಆತ್ಮೀಯರೇ, ನೀವು ನಿಮ್ಮ ಊಟವನ್ನು ಸೇವಿಸಿದ್ದೀರಾ? ನಾನು ನಿಮ್ಮ ಛಾಯಾಚಿತ್ರವನ್ನು ಇಷ್ಟಪಟ್ಟೆನು." ಲೇ ತಮ್ಮಾ, ಗಜೇಂದ್ರಗಡದ ಯಾವ ಹುಡುಗಿ ಊಟವನ್ನು ಸೇವಿಸುತ್ತಾಳೆ? "ಊಟಾತೇನು?" ಅಂತಾಳೆ, ಅದನ್ನೂ ಮುಖ ನೋಡದ ಗಂಡುಹುಡುಗನಿಗೆ ಅನ್ನುವುದಿಲ್ಲ. ಎದುರಿನ ಬೆಂಚಿನವಳು ಎರಡು ವರ್ಷದಲ್ಲಿ ನಿನ್ನ ಕಡೆ ತಿರುಗಿ ನೋಡಲಿಲ್ಲ, ಏಂಜೆಲ್ ಬಂದು ನಿನ್ನ ಛಾಯಾಚಿತ್ರಕ್ಕೆ ಮರುಳಾದಳು! ಒಂದು ಪ್ರಶ್ನೆ ಕೇಳಿ ನೋಡು: "ಕಾಲಕಾಲೇಶ್ವರನ ಗುಡಿಗೆ ಹೆಂಗ ಹೋಗ್ತೀರಿ?" ಉತ್ತರಕ್ಕೆ ಬದಲು ಒಂದು ಹೃದಯದ ಚಿತ್ರ ಬಂದರೆ ಅವಳು ನಮ್ಮ ಕಡೆಯಾಕೆ ಅಲ್ಲ. ಆದರೆ ಈ ಪರೀಕ್ಷೆಯೂ ಇನ್ನು ಬಹಳ ದಿನ ನಡೆಯುವುದಿಲ್ಲ. ಯಂತ್ರಗಳು ಈಗ ನಮ್ಮ ಕಡೆಯ ಮಾತನ್ನೂ ಕಲಿಯುತ್ತಿವೆ, ಕೇಳಿದ ದನಿಯನ್ನು ಅಣಕ ಮಾಡುತ್ತಿವೆ.

ಮುಖವನ್ನೂ ಅಂಟಿಸುತ್ತವೆ. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೆ ಯುವತಿಯ ವಿಡಿಯೊಗೆ ಅಂಟಿಸಿ ಹರಿಬಿಟ್ಟಿದ್ದು ದೇಶಕ್ಕೆಲ್ಲ ಗೊತ್ತಾಯಿತು. ಆಗ ಅವರು, ಇದು ಶಾಲೆ-ಕಾಲೇಜಿನ ದಿನಗಳಲ್ಲಿ ನನಗೆ ಆಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಎಂಬ ಅರ್ಥದ ಮಾತು ಆಡಿದ್ದರು. ನಮ್ಮ ತಾಲೂಕಿನ ಹುಡುಗಿಯರ ಚಿಂತೆಯೂ ಅದೇ. ಗ್ಯಾದರಿಂಗಿನ ಗುಂಪು ಫೋಟೊದಿಂದ ಒಂದು ಮುಖ ಕತ್ತರಿಸಿಕೊಳ್ಳಲು ಎಷ್ಟು ಹೊತ್ತು? ಇದನ್ನು 'ಮಜಾಕ್' ಎನ್ನುವ ಗಂಡುಹುಡುಗರು ಒಂದು ಮಾತು ಕೇಳಿಸಿಕೊಳ್ಳಿ. ಹದಿನೆಂಟರ ಒಳಗಿನವರ ಅಶ್ಲೀಲ ಚಿತ್ರ ಮಾಡಿದರೂ, ಹಂಚಿದರೂ, ಇಳಿಸಿಕೊಂಡರೂ ಐಟಿ ಕಾಯ್ದೆಯ 67ಬಿ ಕಲಮು ಹಚ್ಚುತ್ತದೆ. ಮೊದಲ ಸಲಕ್ಕೇ ಐದು ವರ್ಷದ ತನಕ ಜೈಲು, ಹತ್ತು ಲಕ್ಷದ ತನಕ ದಂಡ. 2012ರ ಪೋಕ್ಸೊ ಕಾಯ್ದೆ ಬೇರೆ. "ನಾ ಮಾಡಿಲ್ರೀ ಸರ್, ಬರೇ ಫಾರ್ವರ್ಡ್ ಮಾಡೇನಿ" ಎಂಬುದು ಠಾಣೆಯಲ್ಲಿ ನಡೆಯುವ ಮಾತಲ್ಲ.

ಏಂಜೆಲ್ ಕಥೆ ಮುಂದುವರಿಸೋಣ. ನಾಲ್ಕು ದಿನ ಸಿಹಿ ಮಾತು. ಐದನೇ ದಿನ "ಯಾರಿಗೂ ಹೇಳಬೇಡ." ಆರನೇ ದಿನ ರಾತ್ರಿ ವಿಡಿಯೊ ಕರೆ, ಅತ್ತ ಕಡೆ ಒಂದು ಹಳೆಯ ರೆಕಾರ್ಡಿಂಗ್ ಓಡುತ್ತಿದೆ, ಇತ್ತ ಕಡೆ ನಮ್ಮ ಹುಲಿಯ ಮುಖವನ್ನು ಯಾರೋ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಾರೆ. ಏಳನೇ ದಿನ ಏಂಜೆಲ್ ಮಾಯ. ಅವಳ ಜಾಗದಲ್ಲಿ ಗಡಸು ದನಿಯ ಒಬ್ಬ: "ಐದು ಸಾವಿರ ಹಾಕು. ಇಲ್ಲಾಂದ್ರೆ ನಿನ್ನ ಅಪ್ಪನಿಗೆ, ನಿನ್ನ ಸರ್‌ಗೆ, ನಿನ್ನ ಫ್ರೆಂಡ್ಸ್‌ಗೆ ಎಲ್ಲಾ ಕಳಿಸ್ತೀನಿ." ಫ್ರೆಂಡ್ಸ್ ಪಟ್ಟಿ ಅವನಿಗೆ ಹೇಗೆ ಸಿಕ್ಕಿತು? ಗೃಹಸ್ಥರ ಖಾತೆ, ಬಾಗಿಲು ತೆರೆದೇ ಇತ್ತಲ್ಲ.

ಈಗ ಹುಡುಗ ಏನು ಮಾಡುತ್ತಾನೆ? ಅವ್ವ ಜೋಳದ ಡಬ್ಬಿಯಲ್ಲಿಟ್ಟ ರೊಕ್ಕಕ್ಕೆ ಕೈ ಹಾಕುತ್ತಾನೆ. ಉಳ್ಳಾಗಡ್ಡಿ ಮಾರಿ ಬಂದ ರೊಕ್ಕ ಅಪ್ಪನ ಫೋನ್‌ಪೇಯಿಂದ ಹಾರುತ್ತದೆ. ಐದು ಕೊಟ್ಟ ಮೇಲೆ ಹತ್ತು ಕೇಳುತ್ತಾನೆ. ಕೇಳದೆ ಇರುತ್ತಾನೆಯೇ? ಕೊಟ್ಟವನ ಮನೆಯಲ್ಲಿ ಇನ್ನೂ ಇದೆ ಅಂತ ಅವನಿಗೆ ಖಾತ್ರಿ ಆಯಿತಲ್ಲ.

ಆ ಕಳ್ಳನ ಕೈಯಲ್ಲಿರುವ ಬಂಡವಾಳ ಆ ವಿಡಿಯೊ ಅಲ್ಲ. ಅಂಥವು ಅವನ ಬಳಿ ಮೂಟೆಗಟ್ಟಲೆ ಇವೆ. ನಿಜವಾದ ಬಂಡವಾಳ ಹುಡುಗನ ಎದೆಯೊಳಗಿನ ಒಂದು ವಾಕ್ಯ: "ಮನ್ಯಾಗ ಗೊತ್ತಾದ್ರ ಕೊಂದ ಹಾಕ್ತಾರ." ಈ ವಾಕ್ಯ ಕಲಿಸಿದವರು ಯಾರು? ನಾವೇ. ಗ್ಲಾಸು ಒಡೆದರೆ ಒಂದು ಹೊಡೆತ, ಗಣಿತದಲ್ಲಿ ಅಂಕ ಕಡಿಮೆ ಬಂದರೆ ಎರಡು, ನಾವೇ ಕೊಡಿಸಿದ ಫೋನಿಗೆ ಏನಾದರೂ ಆದರೆ ಲೆಕ್ಕವಿಲ್ಲ. ಮನೆಯ ಹೊಡೆತಕ್ಕೂ ಕಳ್ಳನ ಬೆದರಿಕೆಗೂ ನಡುವೆ ನಿಂತ ಹುಡುಗನಿಗೆ ಕಳ್ಳನೇ ಅಗ್ಗವಾಗಿ ಕಾಣುತ್ತಾನೆ. ಐದು ಸಾವಿರಕ್ಕೆ ಮುಗಿಯುತ್ತದಲ್ಲ ಅಂದುಕೊಳ್ಳುತ್ತಾನೆ.

ಹಿರಿಯರೂ ಇದೇ ಬಲೆಗೆ ಬೀಳುವುದು. 'ಡಿಜಿಟಲ್ ಅರೆಸ್ಟ್' ಅಂತ ಖಾಕಿ ಹಾಕಿದವನೊಬ್ಬ ವಿಡಿಯೊ ಕರೆಯಲ್ಲಿ ಬಂದು, "ಕ್ಯಾಮೆರಾ ಮುಂದಿನಿಂದ ಏಳಬೇಡಿ, ಮನೆಯವರಿಗೆ ಹೇಳಬೇಡಿ" ಅನ್ನುತ್ತಾನೆ. ನಮ್ಮ ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ. 2024ರ ಅಕ್ಟೋಬರಿನ 'ಮನ್ ಕೀ ಬಾತ್'ನಲ್ಲಿ ಪ್ರಧಾನಿಯವರು ಈ ವಿಷಯ ಎತ್ತಿ, ತಡೆ, ಯೋಚಿಸು, ಆಮೇಲೆ ಹೆಜ್ಜೆ ಇಡು ಎಂದು ಹೇಳಬೇಕಾಯಿತು. ಹದಿನೈದರ ಹುಡುಗನಿಗೂ ಅರವತ್ತರ ಕಾಕಾಗೂ ಮೋಸಗಾರ ಹೇಳುವ ಮಾತು ಒಂದೇ: ಯಾರಿಗೂ ಹೇಳಬೇಡ. ಆ ಮಾತು ಕಿವಿಗೆ ಬಿದ್ದ ಕ್ಷಣವೇ ಗೊತ್ತು ಮಾಡಿಕೊಳ್ಳಿ, ಹೇಳುವ ಹೊತ್ತು ಬಂತು.

ನರಗುಂದದ ಹುಡುಗರಿಗಂತೂ ಈ ಅಂಜಿಕೆ ಶೋಭಿಸುವುದಿಲ್ಲ. ದತ್ತಕಕ್ಕೆ ಒಪ್ಪದೆ, ಆಯುಧ ಒಪ್ಪಿಸು ಅಂದ ಕಂಪನಿ ಸರ್ಕಾರಕ್ಕೆ 1858ರಲ್ಲಿ ಅಲ್ಲಿನ ದೊರೆ ಬಾಬಾಸಾಹೇಬ ಭಾಸ್ಕರರಾವ್ ಭಾವೆ ತಿರುಗಿ ಬಿದ್ದ ಊರು ಅದು. 1980ರಲ್ಲಿ ಮಲಪ್ರಭೆಯ ನೀರು ಹೊಲಕ್ಕೆ ನೆಟ್ಟಗೆ ಮುಟ್ಟುವ ಮೊದಲೇ ಅಭಿವೃದ್ಧಿ ಕರ ಕೊಡಿ ಅಂದಾಗ, "ಕೊಡಂಗಿಲ್ಲ" ಎಂದು ರೈತರು ಬೀದಿಗೆ ಇಳಿದ ಊರು. ಜುಲೈ 21ರಂದು ಗೋಲಿಬಾರಿನಲ್ಲಿ ರೈತನ ಜೀವ ಹೋಯಿತು. ಇಂದಿಗೂ ಆ ದಿನ ಹುತಾತ್ಮರ ನೆನಪಿಗೆ ಜನ ಸೇರುತ್ತಾರೆ. ಅಂಥ ಊರಿನ ಹುಡುಗ, ಡಿಪಿ ಕೂಡ ತನ್ನದಲ್ಲದವನೊಬ್ಬ ಕೇಳಿದ ಕೂಡಲೇ ಐದು ಸಾವಿರ ಕಪ್ಪ ಕಟ್ಟುವುದೇ? ಆದರೆ ಇನ್ನೊಂದು ಮಾತೂ ಇದೆ. 1980ರಲ್ಲಿ ಯಾರೂ ಒಬ್ಬೊಬ್ಬರೇ ಕೋಣೆಯಲ್ಲಿ ಕದ ಹಾಕಿಕೊಂಡು "ಕೊಡಂಗಿಲ್ಲ" ಅಂದಿರಲಿಲ್ಲ. ಕೂಡಿ ಅಂದರು. ಅದಕ್ಕೇ ವಿಧಾನಸೌಧಕ್ಕೆ ಕೇಳಿಸಿತು. ಕಳ್ಳನಿಗೂ ಹಾಗೆಯೇ, ಎರಡನೆಯ ದನಿ ಕೇಳಿಸಿದ ಕೂಡಲೇ ಅರ್ಧ ಕಸುವು ಹೋಗುತ್ತದೆ.

ಕೂಡಿ ಏನು ಮಾಡಬೇಕು? ಮೊದಲು, ರೊಕ್ಕ ಕೊಡಬಾರದು. ಎರಡನೆಯದು, ಅಂಜಿ ಚಾಟ್ ಅಳಿಸಬಾರದು, ಅದೇ ಸಾಕ್ಷಿ. ಸ್ಕ್ರೀನ್‌ಶಾಟ್, ನಂಬರು, ಯುಪಿಐ ಐಡಿ ಇಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಬೇಕು. ರೊಕ್ಕ ಆಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್. ರೊಕ್ಕ ಖಾತೆಯಿಂದ ಖಾತೆಗೆ ಓಡುತ್ತಿರುತ್ತದೆ, ಬೇಗ ಹೇಳಿದಷ್ಟೂ ನಡುದಾರಿಯಲ್ಲಿ ಹಿಡಿಯುವುದು ಸುಲಭ. ಚಿತ್ರ, ಬೆದರಿಕೆಯ ವಿಷಯವಾದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್. ಅಲ್ಲಿ ಹೆಣ್ಣುಮಕ್ಕಳ ಮತ್ತು ಮಕ್ಕಳ ದೂರಿಗೆ ಬೇರೆ ವಿಭಾಗ ಉಂಟು, ಹೆಸರು ಹೇಳದೆಯೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098. ಜಿಲ್ಲೆಗೊಂದು ಸೈಬರ್ ಅಪರಾಧದ ಸಿಇಎನ್ ಠಾಣೆ ಇದೆ, ನಮ್ಮದು ಗದಗಿನಲ್ಲಿ.

ಚಿತ್ರ ಹರಡೀತೆಂಬ ಅಂಜಿಕೆಗೂ ಮದ್ದು ಇದೆ. 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯನ್ನು ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ನಡೆಸುತ್ತದೆ, ಹದಿನೆಂಟರ ಒಳಗೆ ತೆಗೆದ ಚಿತ್ರಗಳಿಗೆಂದೇ. ಚಿತ್ರವನ್ನು ಯಾರಿಗೂ ಕಳಿಸಬೇಕಾಗಿಲ್ಲ. ಅದು ನಿನ್ನ ಫೋನಿನಲ್ಲೇ ಇದ್ದು, ಅದರಿಂದ ಒಂದು ಅಂಕಿಯ ಗುರುತು ಮಾತ್ರ ಹೊರಗೆ ಹೋಗುತ್ತದೆ. ಸೇವೆಗೆ ಕೈಜೋಡಿಸಿದ ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ಕಂಪನಿಗಳು ಆ ಗುರುತು ಹೊಂದುವ ಚಿತ್ರ ಕಂಡರೆ ತೆಗೆದು ಹಾಕುತ್ತವೆ. ನಮ್ಮ ದೇಶದ 2021ರ ಐಟಿ ನಿಯಮಗಳೂ ಅಂಥ ಚಿತ್ರದ ಬಗ್ಗೆ ಸಂಬಂಧಪಟ್ಟವರು ದೂರು ಕೊಟ್ಟರೆ 24 ಗಂಟೆಯೊಳಗೆ ತೆಗೆಯಬೇಕೆಂದು ಗಡುವು ಹಾಕಿದ್ದವು. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕೆಟ್ಟ ಯೋಚನೆ ಬರುತ್ತಿದೆ ಅಂದರೆ 14416, ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ, ಬೈಯುವುದಿಲ್ಲ.

ಪಿಯುಸಿ, ಡಿಗ್ರಿ ಹುಡುಗರಿಗೆ ಇನ್ನೊಂದು ಬಲೆ ಉಂಟು. "ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಎಂಟು ದಿನ ಕೊಡು. ಎರಡು ಸಾವಿರ ಕೊಡ್ತೀನಿ." ಬಂಡವಾಳವಿಲ್ಲದ ಧಂದೆ ಎಂದು ಕುಣಿಯಬೇಡ. ಯಾರದೋ ಮನೆ ಮುರಿದು ತಂದ ರೊಕ್ಕ ನಿನ್ನ ಖಾತೆಯಲ್ಲಿ ಒಂದು ರಾತ್ರಿ ವಸ್ತಿ ಮಾಡಿ ಹೋಗುತ್ತದೆ. ಪೊಲೀಸರು ಹುಡುಕಿಕೊಂಡು ಬರುವುದು ರೊಕ್ಕ ತಂಗಿದ ಮನೆಗೆ, ರೊಕ್ಕ ಒಯ್ದವನ ಮನೆಗಲ್ಲ. ಆಟದ ಚಟದವರಿಗೂ ಒಂದು ಮಾತು: ಪುಕ್ಕಟೆ ಡೈಮಂಡ್ ಅನ್ನುವ ಲಿಂಕ್ ಯಾವ ಕಾಲಕ್ಕೂ ಡೈಮಂಡ್ ಕೊಟ್ಟಿಲ್ಲ, ಖಾತೆ ಒಯ್ದಿದೆ. ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಸಂಸತ್ತೇ ಕಾಯ್ದೆ ಮಾಡಿ ನಿಷೇಧಿಸಿತು. ಆದರೂ ಕರೆಯುತ್ತಿದ್ದಾರೆ ಅಂದರೆ ಕರೆಯುವವನ ಯೋಗ್ಯತೆ ತಿಳಿಯಬೇಕು.

"ಇಷ್ಟೆಲ್ಲ ಯಾಕ, ಫೋನ್ ಕಸಗೊಂಡ್ರ ಮುಗೀತಲ್ಲ?" ಅಂತ ಕೇಳುವ ಕಾಕಾಗಳು ಇದ್ದಾರೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್ ಎಂಬ ಹಳ್ಳಿಯವರು 2022ರಲ್ಲಿ ಒಂದು ಪದ್ಧತಿ ಶುರು ಮಾಡಿದರು. ಸಂಜೆ ಏಳಕ್ಕೆ ಗುಡಿಯಿಂದ ಸೈರನ್ ಕೂಗುತ್ತದೆ. ಒಂದೂವರೆ ತಾಸು ಊರಿನ ಟಿವಿ, ಮೊಬೈಲ್ ಎಲ್ಲ ಬಂದ್, ಮಕ್ಕಳು ಓದಬೇಕು. ಚೆಂದದ ಪದ್ಧತಿ. ಅಲ್ಲಿ ಬಂದ್ ಆಗುವುದು ಎಲ್ಲರ ಫೋನು, ಬರೀ ಮಕ್ಕಳದಲ್ಲ. ನಮ್ಮ ಊರಿಗೂ ತರೋಣ. ಸೈರನ್ ಕೂಗಿದ ಮೇಲೆ ಮೊದಲು ಯಾರ ಮನೆಯಿಂದ ಸೀರಿಯಲ್ಲಿನ ಅಳು ಕೇಳಿಸುತ್ತದೆ, ಐಪಿಎಲ್ ಸ್ಕೋರ್ ಕೇಳಿಸುತ್ತದೆ ಎಂದು ಪಂಚಾಯ್ತಿಯವರು ಒಂದು ವಹಿ ಇಡಬೇಕಾದೀತು ಅಷ್ಟೇ.

ಕಸಿದುಕೊಂಡರೆ ಹುಡುಗ ದೋಸ್ತನ ಫೋನಿನಲ್ಲಿ ನೋಡುತ್ತಾನೆ. ಆಗ ಹೇಳಿಕೊಳ್ಳುವ ದಾರಿಯೂ ಬಂದ್. ಅದಕ್ಕಿಂತ ರಾಜಿ ಒಳ್ಳೆಯದು. ರಾಜಿ ಮಾಡಿಸುವುದರಲ್ಲಿ ನಮ್ಮ ಸೀಮೆಗೆ ಹಳೆಯ ಹೆಸರೇ ಇದೆ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿತು, ಮರಾಠರಿಗೂ ಅವನಿಗೂ ಯುದ್ಧವಾಯಿತು. 1787ರಲ್ಲಿ ಎರಡೂ ಕಡೆಯವರು ಗಜೇಂದ್ರಗಡದಲ್ಲಿ ಒಪ್ಪಂದ ಮಾಡಿಕೊಂಡರು. ಜಗಳ ನರಗುಂದದ್ದು, ರಾಜಿ ಗಜೇಂದ್ರಗಡದ್ದು. ಅಪ್ಪ-ಮಕ್ಕಳ ನಡುವೆಯೂ ಹಾಗೆ ಎರಡನೆಯ ಗಜೇಂದ್ರಗಡ ಒಪ್ಪಂದ ಆಗಲಿ. ಕರಡು ಹೀಗಿದೆ.

ಕಲಮು ಒಂದು: ಮಗ ಅಥವಾ ಮಗಳು "ಅಪ್ಪಾ, ಒಂದ ತಪ್ಪಾಗೈತಿ" ಅಂದರೆ ಮೊದಲು ಊಟ, ಆಮೇಲೆ 1930, ಎಲ್ಲ ಮುಗಿದ ಮೇಲೆ ಬೇಕಾದರೆ ಬೈಗುಳ. ಹೊಡೆತ ಇಲ್ಲವೇ ಇಲ್ಲ. ಫೋನ್ ಕಸಿದುಕೊಳ್ಳುವುದೂ ಇಲ್ಲ.

ಕಲಮು ಎರಡು: ಮಕ್ಕಳು ತಮ್ಮ ಖರೆ ವಯಸ್ಸಿಗೆ ಮರಳತಕ್ಕದ್ದು. 1995ರಲ್ಲಿ ಹುಟ್ಟಿದವರು ಖಾತೆಯ ಹುಟ್ಟಿದ ದಿನ ತಿದ್ದತಕ್ಕದ್ದು. ಹದಿಮೂರು ತುಂಬದವರು ಖಾತೆಯನ್ನೇ ಮುಚ್ಚಿ, ತುಂಬಿದ ಮೇಲೆ ತೆರೆಯತಕ್ಕದ್ದು. ಜೂನ್ 1ರವರಿಗೆ ಮಾಫಿ, ಅವರ ಕಾಲ ಮುಗೀತು.

ಕಲಮು ಮೂರು: ಮಗನ ಫೋನನ್ನು ಅಪ್ಪ ಕೇಳಿ ನೋಡಬಹುದು, ಕದ್ದು ನೋಡಬಾರದು. ಅಪ್ಪನ ಫೋನನ್ನು ಮಗ ವಾರಕ್ಕೊಮ್ಮೆ ನೋಡಿ ಲಗ್ನಪತ್ರಿಕೆಗಳನ್ನು ಕಿತ್ತು ಹಾಕತಕ್ಕದ್ದು.

ಕಲಮು ನಾಲ್ಕು: ಮಕ್ಕಳ ಅಂಕಪಟ್ಟಿ ಸ್ಟೇಟಸ್ಸಿಗೆ ಹಾಕುವ ಮುನ್ನ ಮಕ್ಕಳ ಒಪ್ಪಿಗೆ ಬೇಕು. ಕಡಿಮೆ ಅಂಕ ಬಂದಾಗ ಈ ಕಲಮು ತಾನಾಗಿಯೇ ಪಾಲನೆ ಆಗುತ್ತದೆ ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ.

ಕಲಮು ಐದು: ರಾತ್ರಿ ಹತ್ತರ ಮೇಲೆ ಮನೆಯ ಎಲ್ಲ ಫೋನುಗಳು ಪಡಸಾಲೆಯ ಮಾಡದಲ್ಲಿ ಮಲಗತಕ್ಕದ್ದು, ಮನುಷ್ಯರು ಒಳಗೆ.

ಕರಡನ್ನು ಎರಡೂ ಕಡೆಯವರಿಗೆ ಓದಿ ಹೇಳಲಾಯಿತು. ಮಕ್ಕಳು ತಕರಾರು ಮಾಡಿ, ಚೌಕಾಸಿ ಮಾಡಿ, ಕೊನೆಗೆ ಐದಕ್ಕೂ ಸಹಿ ಹಾಕಿದ್ದಾರೆ. ಅವ್ವಂದಿರೂ ಹಾಕಿದ್ದಾರೆ. ಅಪ್ಪಂದಿರು ನಾಲ್ಕಕ್ಕೆ ಹಾಕಿ ಐದನೆಯದಕ್ಕೆ ಪೆನ್ನು ಎತ್ತಿ ಹಿಡಿದಿದ್ದಾರೆ. "ಎಲ್ಲಾ ಫೋನು ಅಂದ್ರ ನಂದೂ ಬಂತೇನು?" ಎಂದು ಖುಲಾಸೆ ಕೇಳಿದ್ದಾರೆ. ಮಾತುಕತೆ ನಡೆದಿದೆ.